ಬಲಗಡೆಯ ಕೆಳಮೂಲೆ

ತಾಷ್ಕೆಂಟ್

ತಾಷ್ಕೆಂಟ್ ವಿಮಾನ ನಿಲ್ದಾಣದ ತಪಾಸಣೆ ಮೇಜಿನ ಮುಂದೆ ಆ ಬೆಳಿಗ್ಗೆ ನಿಂತಿದ್ದವರು ನಾವು ಮೂವರು: ನಾನು, ನಮ್ಮನೆಯವರು, ನಮ್ಮನೆಯವರ ಅಕ್ಕ ಬೀಬಿ ಆಪಾ. ಮೇಜಿನ ಆ ಕಡೆ ದಪ್ಪ ಹುಬ್ಬಿನ ಅಧಿಕಾರಿ. ನಡುವೆ ಆಪಾ ಕುರುಗೋಡಿನಿಂದ ಹೊತ್ತು ತಂದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ. ಅಧಿಕಾರಿ ಮುಚ್ಚಳ ತೆಗೆದು ಹಿಂಡಿಯೊಳಗೆ ಬೆರಳು ಇಳಿಸಿದ. ಗಟ್ಟಿಯಾಗಿ ಏನೋ ತಗುಲಿತು. ಎಳೆದ. ಕೆಂಪು ಪುಡಿ ಮೆತ್ತಿಕೊಂಡ ಕರಿಯ ಡಬ್ಬಿಯೊಂದು ಹೊರಬಂತು. ಮತ್ತೆ ಇಳಿಸಿದ, ಇನ್ನೊಂದು ಬಂತು.

ನಮ್ಮನೆಯವರ ಮುಖ ನೋಡಬೇಕಿತ್ತು. ಅವು ಅವರ ಫಿಲ್ಮ್ ರೋಲುಗಳು. ಎಕ್ಸ್‌ರೇ ಮಷಿನ್ನಿಗೆ ಹೋದರೆ ಫಿಲ್ಮ್ ಕೆಡುತ್ತದೆಂದು ಬಳ್ಳಾರಿ ಬಿಟ್ಟಾಗಿನಿಂದ ಚೀಲವನ್ನು ಕೂಸಿನ ಹಾಗೆ ಎದೆಗವಚಿಕೊಂಡಿದ್ದರು. ದಿಲ್ಲಿಯಲ್ಲಿ ಕಾಡಿ ಬೇಡಿ ಆ ಚೀಲವನ್ನು ಕೈಯಿಂದಲೇ ತಪಾಸಣೆ ಮಾಡಿಸಿದ್ದರು. ಆದರೆ ಅದರೊಳಗಿನ ಅರ್ಧ ರೋಲುಗಳನ್ನು ಆಪಾ ಕಳ್ಳರ ಭಯಕ್ಕೆ ಹಿಂದಿನ ದಿನವೇ ಹಿಂಡಿ ಡಬ್ಬಿಗೆ ವರ್ಗ ಮಾಡಿದ್ದರು. ಹಿಂಡಿ ಡಬ್ಬಿ ಮಷಿನ್ನಿನ ಹೊಟ್ಟೆಯೊಳಗೆ ನೆಮ್ಮದಿಯಾಗಿ ಹೋಗಿ ಬಂದಿತ್ತು.

“ಆಪಾ, ಇದನ್ನ ಇದರಾಗ ಯಾಕ ಇಟ್ಟಿ?”

“ಕಳ್ಳರು ಚೀಲ ನೋಡ್ತಾರಲೇ ಇಬ್ರಾಹಿಂ. ಹಿಂಡಿ ಯಾವ ನೋಡ್ತಾನ?”

“ಇವ ನೋಡಿದ್ನಲ್ಲ.”

“ಇವ ಕಳ್ಳ ಅಲ್ಲಲ್ಲ. ಸರ್ಕಾರದಾವ.”

ಅಷ್ಟರಲ್ಲಿ ಸರ್ಕಾರದವನು ಬೆರಳನ್ನು ಬಾಯಿಗಿಟ್ಟುಕೊಂಡ. ಕಣ್ಣಲ್ಲಿ ನೀರು ತುಂಬಿತು. “ಹಿಂದಿಸ್ತಾನ್” ಎಂದು ತನ್ನಷ್ಟಕ್ಕೇ ಹೇಳಿಕೊಂಡು, ಎದೆಯ ಮೇಲೆ ಕೈಯಿಟ್ಟು ಬಾಗಿ, ನಮ್ಮನ್ನು ಬಿಟ್ಟ. ಎದೆಯ ಮೇಲೆ ಕೈಯಿಡುವುದು ಆ ನಾಡಿನ ನಮಸ್ಕಾರವೆಂದು ಆಮೇಲೆ ತಿಳಿಯಿತು. ಆಗ ಮಾತ್ರ ಆಪಾ, “ಪಾಪ, ಎದಿ ಉರಿಯಾಕ ಹತ್ತೈತಿ ಅವಂಗ. ಒಂಚೂರು ಬೆಲ್ಲ ಕೊಡವಾ ಶಮಾ” ಅಂದರು.

ರೈಲಿನಲ್ಲಿ

ಸಮರ್ಕಂದಕ್ಕೆ ಹೋಗುವ ರೈಲು ಬಹಳ ಜೋರು. ಅದು ಮುಟ್ಟುವುದರೊಳಗೆ ನಾವು ಯಾಕೆ ಹೊರಟೆವು ಎಂಬುದನ್ನು ಹೇಳಿಬಿಡುತ್ತೇನೆ.

ನಮ್ಮನೆಯವರದು ಬಳ್ಳಾರಿಯಲ್ಲಿ ಫೋಟೋ ಸ್ಟುಡಿಯೋ. ಮೋಕಾದಿಂದ ಸಿರುಗುಪ್ಪದವರೆಗೆ ಅವರ ಕಣ್ಣ ಮುಂದೆ ಹಾಯದ ಮದುಮಗಳಿಲ್ಲ. ಸ್ಟುಡಿಯೋದ ಬೀದಿಬದಿಯ ಗಾಜಿನ ಕಿಟಕಿಯಲ್ಲಿ ಬರೀ ಮಂದಿ ಮನೆಯ ಹೆಣ್ಣುಮಕ್ಕಳು: ನಗುವವರು, ಅಳುವವರು, ಹಾರದ ಭಾರಕ್ಕೆ ಕತ್ತು ವಾಲಿದವರು. ನನ್ನ ಫೋಟೋ ಅಂತ ಇರುವುದು ಎರಡು. ಒಂದು ನಿಕಾಹ್‌ದು, ಅದರಲ್ಲಿ ಮುಖದ ತುಂಬ ಪರದೆ; ಒಳಗೆ ನಮ್ಮಕ್ಕ ಕೂತಿದ್ದಳೆಂದರೂ ನಂಬಬಹುದು. ಇನ್ನೊಂದು ಆಧಾರ್ ಕಾರ್ಡಿನದು. ಅದರಲ್ಲಿ ನಾನು ಠಾಣೆಗೆ ದೂರು ಕೊಡಲು ಬಂದವಳ ಹಾಗಿದ್ದೇನೆ. ಕೇಳಿದರೆ, “ನಿನ್ನ ಮಾರಿ ದಿನಾ ನೋಡ್ತೀನಿ, ಮತ್ತ ಫೋಟೋ ಯಾಕ?” ಎನ್ನುತ್ತಿದ್ದರು. ಮನುಷ್ಯ ಹೊಗಳುತ್ತಿದ್ದಾನೋ ಬೇಸತ್ತಿದ್ದಾನೋ ತಿಳಿಯದೆ ನಾನು ರೊಟ್ಟಿ ತಟ್ಟಲು ಹೋಗುತ್ತಿದ್ದೆ.

ಒಂದು ದಿನ ಇದ್ದಕ್ಕಿದ್ದಂತೆ, ಇನ್ನು ಮದುವೆ ಕೆಲಸ ಸಾಕು ಅಂದರು. “ಮಂದಿ ಮಾರಿ ನೋಡಿ ನೋಡಿ ಸಾಕಾಗೇತಿ. ಕಿಟಿಕ್ಯಾಗ ನಂದು ಅಂತ ಒಂದ್ ಫೋಟೋ ಹಾಕ್ತೀನಿ. ಅದರಾಗ ಯಾರೂ ಇರಬಾರದು. ಬರೇ ಗ್ವಾಡಿ, ಬೆಳಕು.”

ಮೊದಲು ಪ್ರಯತ್ನ ಮಾಡಿದ್ದು ಕುರುಗೋಡಿನ ಗುಡಿಯಲ್ಲಿ. ಅಲ್ಲಿಯ ದೊಡ್ಡ ಬಸವಣ್ಣನನ್ನು ನೋಡಿದವರಿಗೆ ಗೊತ್ತು, ಒಂದೇ ಕಲ್ಲಿನ ಆನೆಯಂಥ ಮೈ, ಸುತ್ತ ಮಬ್ಬು, ಹಿಂದೆ ಸರಿಯಲು ಜಾಗವಿಲ್ಲ. ಇವರು ಗೋಡೆಗೆ ಬೆನ್ನು ಹಚ್ಚಿ ನಿಂತರೂ ಕೋಡು ಬಂದರೆ ಬಾಲವಿಲ್ಲ. ಫ್ಲ್ಯಾಷ್ ಹೊಡೆದರೆ ಎಣ್ಣೆ ಕುಡಿದ ಕಲ್ಲು ಫಳಕ್ಕೆಂದು ಕಣ್ಣು ಕುಕ್ಕುತ್ತಿತ್ತು. ಪೂಜಾರಪ್ಪ ನೋಡುವವರೆಗೆ ನೋಡಿ, “ಸಾಬ್ರ, ಬಸಣ್ಣ ಅಂತೂ ಎದ್ದು ಆ ಕಡಿ ಹೋಗಂಗಿಲ್ಲ. ನೀವ ಗ್ವಾಡಿ ಒಡಕೊಂಡು ಹಿಂದ ಹೋಗ್ರಿ” ಅಂದರಂತೆ.

ಗೋಡೆ ಒಡೆಯುವ ಬದಲು ಇವರು ಲೆನ್ಸ್ ತಂದರು. ಕಂಟೋನ್ಮೆಂಟಿನ ಅವರ ಉಸ್ತಾದರು ಸಾಯುವ ಮೊದಲು ಕೊಟ್ಟ ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾ ಬೀರುವಿನಲ್ಲಿತ್ತು. ಮದುವೆಯ ದೊಡ್ಡ ಲೈಟುಗಳನ್ನೆಲ್ಲ ಬೇರೊಬ್ಬರಿಗೆ ಕೊಟ್ಟು, ಬದಲಿಗೆ ಅದಕ್ಕೊಂದು ಅಗಲ ನೋಟದ ಲೆನ್ಸ್ ಪಡೆದರು. ಕ್ಯಾಮೆರಾ ಅಂಗೈಯಷ್ಟು, ಲೆನ್ಸ್ ಮಾತ್ರ ಉಪ್ಪಿನಕಾಯಿ ಭರಣಿಯಷ್ಟು. ಇಷ್ಟು ದಪ್ಪ ಯಾಕೆ ಅಂದೆ.

“ಜಿಟಿಜಿಟಿ ಮಳ್ಯಾಗ ಚೊಂಬು ಇಟ್ರ ಯಾವಾಗ ತುಂಬ್ತೈತಿ? ಅಗಲ ಬಾಯಿ ಬೋಗುಣಿ ಇಟ್ರ ಲಗೂನ ತುಂಬ್ತೈತಿ. ಇದು ಬೋಗುಣಿ. ಮಬ್ಬಿನಾಗೂ ಬೆಳಕು ಹಿಡೀತೈತಿ, ಇಕ್ಕಟ್ಟಿನಾಗೂ ಪೂರಾ ಹಿಡೀತೈತಿ.”

ಅಂದಿನಿಂದ ಅದಕ್ಕೆ ಮೆತ್ತನೆಯ ಬಟ್ಟೆ, ಹಾಸಿಗೆಯಿರುವ ಪೆಟ್ಟಿಗೆ, ಸೊಳ್ಳೆ ಮುಟ್ಟದ ಹಾಗೆ ಮುಚ್ಚಿಗೆ. ನಾನು ಅದಕ್ಕೆ ಸವತಿ ಅಂತ ಹೆಸರಿಟ್ಟೆ. ಬುಖಾರಾದಲ್ಲಿ ಇಟ್ಟಿಗೆಯ ಹಳೆಯ ಗುಮ್ಮಟಗಳಿವೆ, ಒಳಗೆ ಮಬ್ಬು ಬೆಳಕಿದೆ ಎಂದು ಯಾರೋ ಹೇಳಿದ್ದೇ ತಡ, ಪಾಸ್‌ಪೋರ್ಟ್ ಇಲ್ಲದೆಯೇ ಸವತಿಯ ಪ್ರಯಾಣ ಗಟ್ಟಿಯಾಯಿತು. ಸುದ್ದಿ ಕೇಳಿ ಆಪಾ ಕುರುಗೋಡಿನಿಂದ ಬಸ್ಸು ಹತ್ತಿ ಬಂದರು. ಸಣ್ಣವರಿದ್ದಾಗಿನಿಂದ ಜ್ವರ ಬಂದಾಗೆಲ್ಲ ಆಲೂಬುಖಾರಾ ಎಂಬ ಹುಳಿಯ ಒಣಹಣ್ಣು ತಿಂದವರಂತೆ. ಆ ಊರಿಗೇ ಹೋಗಿ ಒಮ್ಮೆ ತಿನ್ನಬೇಕಂತೆ. ನಾನು ಯಾಕೆ ಹೋದೆನೆಂದರೆ, ಈ ಇಬ್ಬರನ್ನೂ ಕಾಯಲು ಒಬ್ಬರು ಬೇಕಲ್ಲ.

ರೈಲಿನಲ್ಲಿ ನಮ್ಮನೆಯವರು ತೂಕಡಿಸುತ್ತಿದ್ದಾಗ ಮೊದಲ ಬಾರಿ ನಾನು ಆ ಕ್ಯಾಮೆರಾ ಎತ್ತಿ ನೋಡಿದೆ. ಬೇರೆ ಕ್ಯಾಮೆರಾಗಳಲ್ಲಿ ಲೆನ್ಸಿನ ಮೂಲಕವೇ ನೋಡುತ್ತೇವೆ. ಇದರಲ್ಲಿ ಹಾಗಲ್ಲ, ಪಕ್ಕದಲ್ಲಿ ಪುಟ್ಟ ಗಾಜಿನ ಕಿಂಡಿ; ಲೆನ್ಸ್ ನೋಡುವುದು ಬೇರೆ, ನಾವು ನೋಡುವುದು ಬೇರೆ. ಕಿಂಡಿಯಲ್ಲಿ ಹೊರಗಿನ ಹತ್ತಿ ಹೊಲಗಳು ಕಂಡವು. ನನ್ನ ತವರು ಸಿರಿಗೇರಿಯ ಕಪ್ಪು ನೆಲ ನೆನಪಾಯಿತು. ಎದುರಿಗೆ ಆಪಾ ಕೂತಿರಬೇಕಿತ್ತು. ಇಲ್ಲ. ಕ್ಯಾಮೆರಾ ಇಳಿಸಿದೆ; ಇದ್ದರು. ಏರಿಸಿದೆ, ಬಲಗಡೆಯ ಕೆಳಮೂಲೆಯಲ್ಲಿ ಕರ್ರಗೆ ಏನೋ ಅಡ್ಡ.

“ರೀ, ಆಪಾ ಎಲ್ಲಿ ಹೋದ್ರು ಇದರಾಗ?”

ಅವರು ಕಣ್ಣು ಮುಚ್ಚಿಕೊಂಡೇ, “ಲೆನ್ಸ್ ದಪ್ಪ ಐತಿ, ಅದರ ಮೂಗು ಆ ಮೂಲಿಗೆ ಅಡ್ಡ ಬರ್ತೈತಿ. ಅಲ್ಲೇನಿರಂಗಿಲ್ಲ, ಇಡು ಕೆಳಗ” ಅಂದರು.

“ನಾ ಇದೀನಲೇ” ಅಂದರು ಆಪಾ.

ಸಮರ್ಕಂದ್

ಮದುವೆಗಳಿಂದ ತಪ್ಪಿಸಿಕೊಳ್ಳಲು ಊರು ಬಿಟ್ಟು ಬಂದವರ ಎದುರಿಗೆ ಸಮರ್ಕಂದದಲ್ಲಿ ಏನಿರಬೇಕು? ಮದುವೆಗಳು. ಆ ನೀಲಿ ಹೆಂಚಿನ ಕಟ್ಟಡಗಳ ಚೌಕದಲ್ಲಿ ಊರಿನ ಮದುಮಕ್ಕಳೆಲ್ಲ ಫೋಟೋ ತೆಗೆಸಿಕೊಳ್ಳುವ ರೂಢಿಯಂತೆ. ನೆಲ ಗುಡಿಸುವ ಬಿಳಿ ಲಂಗದ ವಧುಗಳು ಎತ್ತ ನೋಡಿದರೂ. ನಮ್ಮನೆಯವರು ಒಂದು ಕಮಾನಿಗೆ ಗುರಿಯಿಟ್ಟರೆ ಅದರಡಿ ಒಬ್ಬಳು, ಇನ್ನೊಂದಕ್ಕೆ ತಿರುಗಿದರೆ ಅಲ್ಲಿ ಇನ್ನೊಬ್ಬಳು.

ವಧುಗಳು ಸರಿದರೆ ನಾವು ಅಡ್ಡ. ನಮ್ಮ ಸೀರೆ ಕಂಡು ಜನ ಬಂದು ಬಂದು ನಮ್ಮ ಜೊತೆ ಫೋಟೋ ಕೇಳುತ್ತಿದ್ದರು. ಬಂಗಾರದ ಹಲ್ಲಿನ ಅಜ್ಜಿಯೊಬ್ಬಳು ಆಪಾರ ಕೈ ಹಿಡಿದು ಬಿಡಲೇ ಇಲ್ಲ. ಅವಳ ಮಾತು ಇವರಿಗೆ ತಿಳಿಯದು, ಇವರದು ಅವಳಿಗೆ. ನಡುವೆ ಮೆಹಮಾನ್, ದೋಸ್ತ್, ಆಸ್ಮಾನ್ ಅಂತ ಒಂದೊಂದು ಗುರುತಿನ ಮಾತು ಬಂದರೆ ಇಬ್ಬರೂ ಕಳೆದುಹೋದ ನೆಂಟರು ಸಿಕ್ಕಂತೆ ತಲೆಯಾಡಿಸುತ್ತಿದ್ದರು.

ಕೊನೆಗೆ ನಮ್ಮನೆಯವರು ನನಗೆ ಜಾಗ ಗೊತ್ತು ಮಾಡಿದರು. ಕಿಂಡಿಯಲ್ಲಿ ಕಣ್ಣಿಟ್ಟು ಕೈ ಬೀಸಿದರು. “ಇನ್ನ ಸ್ವಲ್ಪ ಬಲಕ್ಕ. ಕೆಳಗ ಕೂಡು. ಇನ್ನೊಂಚೂರು. ಹಾಂ, ಹೋದಿ.”

“ಎಲ್ಲಿ ಹೋದೆ?”

“ಕಾಣವಲ್ಲಿ. ಅಲ್ಲೇ ಕೂಡು, ಕಟ್ಟಿ ಬಿಟ್ಟು ಏಳಬ್ಯಾಡ.”

ಅಂದಿನಿಂದ ಪ್ರತಿ ಫೋಟೋಕ್ಕೂ ಅದೇ ಹುಕುಂ. ಕೂರಲು ಕಟ್ಟೆ ಸಿಗುತ್ತದಲ್ಲ ಎಂದು ನಾನೂ ಖುಷಿಯಾಗಿಯೇ ಹೋದೆ. ಆಪಾ ಮೂಲೆಯಲ್ಲಿ ಕೂರುವ ಪೈಕಿಯಲ್ಲ. ತಮ್ಮನ ಬೆನ್ನ ಹಿಂದೆ ನಿಂತು, “ಆ ಬಿಳಿ ಲಂಗದಾಕಿ ಹೋಗ್ಲಿ ತಡಿ. ಈಗ ಹೊಡಿ. ಅಯ್ಯೋ, ಮುಚ್ಚಳ ತಗದಿಯೇನಲೇ?” ಎನ್ನುತ್ತಿದ್ದರು. ಲೆನ್ಸಿನ ಮುಚ್ಚಳ ತೆಗೆದಿರಲಿಲ್ಲ. ಕಿಂಡಿಯಲ್ಲಿ ಮಾತ್ರ ಎಲ್ಲ ಚೆಂದ ಕಾಣುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ನಮ್ಮನೆಯವರು ಸೋತರು. ಪಕ್ಕದಲ್ಲಿ ಒಬ್ಬ ಎಳೆ ಫೋಟೋಗ್ರಾಫರ್ ವಧುವನ್ನು ಬಿಸಿಲಿಗೆ ಎದುರು ನಿಲ್ಲಿಸಿದ್ದ; ಆ ಹುಡುಗಿ ಕಣ್ಣು ಕಿರಿದು ಮಾಡಿ ಅಳುವಂತಾಗಿದ್ದಳು. ಇವರು ಎರಡು ಸಲ ನೋಡಿದರು, ಮೂರನೆಯ ಸಲ ತಡೆಯಲಾಗಲಿಲ್ಲ. ಹೋಗಿ ಅವಳನ್ನು ಕಮಾನಿನ ನೆರಳಿಗೆ ತಂದು, ಗದ್ದ ಒಂದು ಎಳೆ ಎತ್ತಿಸಿ, ವರನ ಬೆನ್ನು ನೆಟ್ಟಗೆ ಮಾಡಿಸಿ, ಕನ್ನಡದಲ್ಲೇ “ನಗವಾ ತಂಗಿ” ಅಂದರು. ಅವಳು ನಕ್ಕಳು. ಆಮೇಲೆ ಅವಳ ತಂಗಿ, ಅತ್ತೆ, ಅತ್ತೆಯ ಅಕ್ಕ ಎಲ್ಲರ ಸರದಿ. ಯಾರೂ ಇರಬಾರದು ಎಂದು ಕೂಡಿಟ್ಟ ಫಿಲ್ಮಿನ ಬಹುಪಾಲು ಆ ನೆಂಟರ ಮೇಲೆಯೇ ಮುಗಿಯಿತು.

“ಇದಕ್ಕ ಇಷ್ಟ್ ದೂರ ಬರಬೇಕಿತ್ತೇನ್ರಿ? ಸಿರುಗುಪ್ಪದಾಗ ಇದ್ದುವಲ್ಲ” ಅಂದೆ. ಅವರು ಸವತಿಯ ಮೂಗು ಒರೆಸತೊಡಗಿದರು.

ಚಹಾ ಕುಡಿಯಲು ಕೂತೆವು. ಕೆಟಲಿಯ ಮೇಲೆ ಬಿಳಿಯ ಹತ್ತಿ ಹೂವಿನ ಚಿತ್ರ. ಆ ನಾಡಿನಲ್ಲಿ ಎಲ್ಲ ಪಾತ್ರೆಯ ಮೇಲೂ ಅದೇ. ಅಂಗಡಿಯ ಹುಡುಗಿ ಬಟ್ಟಲಿಗೆ ಚಹಾ ಹಾಕಿದಳು, ಅದನ್ನು ತಿರುಗಿ ಕೆಟಲಿಗೇ ಸುರಿದಳು. ಮತ್ತೆ ಹಾಕಿದಳು, ಮತ್ತೆ ಸುರಿದಳು. ಆಪಾ ಚಾಚಿದ ಕೈ ಚಾಚಿದಂತೆಯೇ ಇತ್ತು. ಕಡೆಗೆ ಕೊಟ್ಟಾಗ ಅರ್ಧ ಬಟ್ಟಲೂ ಇರಲಿಲ್ಲ. ಹಾಲಿಲ್ಲ, ಸಕ್ಕರೆಯಿಲ್ಲ. ಆಪಾ ಸಿಟ್ಟು ಬಂದರೆ ತೆಲುಗಿಗೆ ಇಳಿಯುತ್ತಾರೆ. “ಏಮಿರಾ ಇದಿ? ಕೊಟ್ಟಿದ್ದನ್ನ ಕಸಗೊಂತಾರ, ಕಸಗೊಂಡಿದ್ದನ್ನೂ ಪೂರಾ ಕೊಡಂಗಿಲ್ಲ.”

ಬುಖಾರಾ

ಬುಖಾರಾದಲ್ಲಿ ನಾವು ಇಳಿದದ್ದು ಗುಲ್ನೋರಾ ಎಂಬಾಕೆಯ ಮನೆಯಲ್ಲಿ. ಅಂಗಳದ ಮಧ್ಯೆ ಹಿಪ್ಪುನೇರಳೆ ಮರ, ಸುತ್ತ ಕೋಣೆಗಳು. ಆಕೆಯದು ಬಲು ಆದರ, ಆದರೆ ಆಕೆಯದೂ ಅರ್ಧ ಬಟ್ಟಲೇ.

ಎರಡನೆಯ ದಿನ ಆಪಾ ಇನ್ನು ಸಹಿಸಲಾರೆ ಎಂದು ಅಡುಗೆಮನೆಗೆ ನುಗ್ಗಿ, ಹಾಲು ಕಾಯಿಸಿ, ಶುಂಠಿ ಜಜ್ಜಿ, ನಮ್ಮ ಚಹಾ ಮಾಡಿದರು. ಗುಲ್ನೋರಾಳನ್ನು ಕರೆದು ಕೂರಿಸಿ, ಕೊಡುವುದೆಂದರೆ ಹೇಗೆಂದು ತೋರಿಸುವವರಂತೆ ಬಟ್ಟಲಿನ ಅಂಚು ಮುಟ್ಟುವವರೆಗೆ ಸುರಿದರು. ತಟ್ಟೆಗೂ ಸ್ವಲ್ಪ ಚೆಲ್ಲಿತು. ಗುಲ್ನೋರಾ ಬಟ್ಟಲು ನೋಡಿದಳು, ಆಪಾರ ಮುಖ ನೋಡಿದಳು, ಎದ್ದು ನಿಂತಳು. ತನ್ನದೇ ಅಡುಗೆಮನೆಯಿಂದ ತಲೆ ತಗ್ಗಿಸಿ ಹೊರಟಳು.

ಮೊಬೈಲಿನಲ್ಲಿ ಮಾತು ಅನುವಾದಿಸಿಕೊಂಡು ನಾನು ಹಿಂದೆ ಓಡಿ ಕೇಳಿದಾಗ ವಿಷಯ ಗೊತ್ತಾಯಿತು. ಅಲ್ಲಿ ಸ್ವಲ್ಪವೇ ಹಾಕುವುದೆಂದರೆ, ಕೂಡಿ, ಮತ್ತೆ ಮತ್ತೆ ಬಿಸಿಬಿಸಿಯಾಗಿ ಹಾಕುತ್ತೇನೆ ಎಂದರ್ಥ. ತುಂಬಿಸಿ ಕೊಟ್ಟರೆ, ಇನ್ನು ಹೊರಡಿ ಎಂದು. ಆಪಾ ಕೇಳಿ ಮೂಗಿನ ಮೇಲೆ ಬೆರಳಿಟ್ಟರು. ಅಂಗಳಕ್ಕೆ ಹೋಗಿ ಗುಲ್ನೋರಾಳನ್ನು ರಟ್ಟೆ ಹಿಡಿದು ತಂದು ಕೂರಿಸಿ, ಗುಟುಕು ಗುಟುಕೇ ಹಾಕುತ್ತ ಸಂಜೆಯವರೆಗೆ ಬಿಡಲಿಲ್ಲ. ನಡುನಡುವೆ ನನಗೆ, “ಊರಿಗೆ ಹೋದ ಮ್ಯಾಲ ಕೆಲವು ಮಂದಿಗೆ ಮಾತ್ರ ತುಂಬಿಸಿ ಕೊಡಬೇಕು ನೋಡು” ಅಂದರು.

ಆಲೂಬುಖಾರಾ ಮಾತ್ರ ಸಿಕ್ಕಿರಲಿಲ್ಲ. ಅಂಗಡಿಯವರು ಆ ಹೆಸರೇ ಕೇಳಿದವರಲ್ಲ. ಹಿಂದಿ ಬಲ್ಲ ಒಬ್ಬ ಆಲೂ ಎಂದಷ್ಟೇ ಹಿಡಿದು ಬಟಾಟೆ ತೋರಿಸಿದ.

ಬುಖಾರಾ, ಕೊನೆಯ ಬೆಳಿಗ್ಗೆ

ಸಂಜೆ ರೈಲು. ಕ್ಯಾಮೆರಾದಲ್ಲಿ ಕೊನೆಯ ರೋಲು, ಅದರಲ್ಲೂ ಕೊನೆಯ ಒಂದೆರಡು ಫೋಟೋ. ಹಿಂದಿನ ದಿನಗಳಲ್ಲಿ ಹೋದಲ್ಲೆಲ್ಲ ಯಾರಾದರೂ ಅಡ್ಡ ಬಂದಿದ್ದರು. ನಮ್ಮನೆಯವರು ನಾಷ್ಟಾ ಮುಟ್ಟಲಿಲ್ಲ. ತಮಾಷೆ ಮಾಡಲು ಬಾಯಿ ತೆರೆದ ನಾನು ಅವರ ಮುಖ ನೋಡಿ ಅವರ ಪಾಲಿನ ರೊಟ್ಟಿಯನ್ನು ಚೀಲಕ್ಕೆ ಹಾಕಿಕೊಂಡೆ. ಬರಿಗೈಯಲ್ಲಿ ಹೋದರೆ ಆ ಕಿಟಕಿಯಲ್ಲಿ ಹಳೆಯ ಮದುಮಕ್ಕಳೇ ಕೂರುತ್ತಾರೆ, ಇವರು ಮತ್ತೆ ಆ ಮಾತು ಎತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು.

ಆ ಊರಿನಲ್ಲಿ ದಾರಿಗಳು ಕೂಡುವ ಕಡೆ ಮೇಲೆ ಗುಮ್ಮಟ ಕಟ್ಟಿ, ಕೆಳಗೆ ಸುತ್ತ ಅಂಗಡಿ ಮಾಡಿದ್ದಾರೆ. ಹಗಲಲ್ಲಿ ಸಂತೆ, ಬೆಳಗಾಗುತ್ತಲೇ ಹೋದರೆ ಬಾಗಿಲುಗಳೆಲ್ಲ ಮುಚ್ಚಿರುತ್ತವೆ. ನಾವು ಹೋದಾಗ ಒಳಗೆ ಒಂದು ಬೆಕ್ಕು ಮಾತ್ರ ಇತ್ತು, ಅದೂ ಹೋಯಿತು. ತಲೆಯೆತ್ತಿದೆ. ಈಚಲ ಚಾಪೆ ಹೆಣೆದ ಹಾಗೆ ಇಟ್ಟಿಗೆ ಹೆಣೆದು ಮೇಲೆ ಮೇಲೆ ಒಯ್ದಿದ್ದರು. ತುದಿಯ ಸುತ್ತ ಸಣ್ಣ ಕಿಂಡಿಗಳು, ಕೆಳಗೆಲ್ಲ ಮಬ್ಬು. ನಮ್ಮನೆಯವರು ನೆಲದ ಮೇಲೆ ಕೂತೇಬಿಟ್ಟರು.

“ಬಲಕ್ಕ ಹೋಗು. ಆ ಕಟ್ಟಿ ಮ್ಯಾಲ. ಇನ್ನೊಂಚೂರು. ಹಾಂ, ಈಗ ಇಲ್ಲ ನೀನು.”

ಇಲ್ಲದವಳಾಗಿ ಕೂತೆ. ಆಪಾ ಹೊರಗೆ ಹಣ್ಣಿನ ಗಾಡಿ ಕಂಡು ಹೋಗಿದ್ದವರು, ಬಂದು ನನ್ನ ಕೈಗೆ ಒಣಗಿದ ಕರಿಯ ಹಣ್ಣು ಒಂದು ಹಿಡಿ ಹಾಕಿ, “ಸಿಕ್ತು ನೋಡು. ಆದ್ರ ಇದು ಬುಖಾರಾದ್ದಲ್ಲಂತ, ಸಮರ್ಕಂದದಿಂದ ಬಂದೈತಂತ” ಎಂದು ಪಿಸುಗುಟ್ಟಿ, ಆ ಅನ್ಯಾಯದ ಬಗ್ಗೆ ವಿಚಾರಿಸಲು ಗಾಡಿಯ ಕಡೆಗೇ ತಿರುಗಿ ಹೋದರು.

ಕಾದೆವು. ದೂರದಲ್ಲಿ ಒಂದು ಅಂಗಡಿಯ ಬಾಗಿಲು ತೆರೆದ ಸದ್ದಾಯಿತು. ಪ್ರವಾಸಿಗರ ಗುಂಪೊಂದರ ಮಾತು ಹತ್ತಿರ ಬರುತ್ತಿತ್ತು. ಆಗ ಮೇಲಿನ ಕಿಂಡಿಯೊಂದರಿಂದ ಬಿಸಿಲು ಇಳಿಯಿತು, ಓರೆಯಾಗಿ, ಹಿಟ್ಟು ಜರಡಿ ಹಿಡಿದಂತೆ. ನಾನು ಹಣ್ಣು ಬಾಯಿಗೆ ಹಾಕಿಕೊಂಡೆ. ಕಿಟ್ ಎಂದು ಸಣ್ಣ ಸದ್ದು. ಅವರು ಇನ್ನೊಂದಕ್ಕೆ ಫಿಲ್ಮ್ ತಿರುಗಿಸಲು ನೋಡಿದರು, ತಿರುಗಲಿಲ್ಲ. ಮುಗಿದಿತ್ತು. ಅಷ್ಟರಲ್ಲಿ ಗುಂಪು ಒಳಗೆ ಬಂತು, ಬಿಸಿಲೂ ಸರಿಯಿತು.

“ಸಿಕ್ತೇನ್ರಿ?”

“ಸಿಕ್ತು” ಅಂದರು. ರೈಲು ಹತ್ತುವವರೆಗೆ ಸವತಿಯನ್ನು ಪೆಟ್ಟಿಗೆಯಲ್ಲೂ ಇಡದೆ ಕೊರಳಲ್ಲೇ ಹಾಕಿಕೊಂಡಿದ್ದರು. ಊಟಕ್ಕೆ ಎರಡು ಸಲ ಪುಲಾವು ಹಾಕಿಸಿಕೊಂಡರು.

ಬಳ್ಳಾರಿ

ಸ್ಟುಡಿಯೋದ ಹಿಂದಿನ ಕತ್ತಲೆ ಕೋಣೆಯಲ್ಲಿ ಅವರೇ ಫಿಲ್ಮ್ ತೊಳೆದರು. ಹಿಂಡಿ ಡಬ್ಬಿಯ ರೋಲುಗಳು ಬದುಕಿದ್ದವು. ಒಂದಕ್ಕೆ ಮಾತ್ರ ಇನ್ನೂ ಬೆಳ್ಳುಳ್ಳಿ ವಾಸನೆ. ಆಮೇಲೆ, “ಶಮಾ, ಇಲ್ಲಿ ಬಾ” ಅಂದರು. ದನಿ ಸರಿಯಿರಲಿಲ್ಲ.

ಒದ್ದೆ ಫಿಲ್ಮನ್ನು ಬೆಳಕಿಗೆ ಹಿಡಿದು ಭೂತಗನ್ನಡಿ ಕೊಟ್ಟರು. ಸಮರ್ಕಂದದ ಕಮಾನು, ಬಲಗಡೆ ಕೆಳಗೆ ನಾನು, ಚಪ್ಪಲಿಯ ಪಟ್ಟಿ ಸರಿಮಾಡುತ್ತ. ಮೀನಾರು, ಕೆಳಗೆ ನಾನು, ಆಕಳಿಸುತ್ತ. ಬಾಗಿಲು, ನಾನು, ಯಾರದೋ ಮಗುವಿಗೆ ಮೂಗು ಒರೆಸುತ್ತ. ಕೊನೆಯದು ಗುಮ್ಮಟ. ಚಾಪೆಯಂಥ ಇಟ್ಟಿಗೆ, ಇಳಿದ ಬಿಸಿಲು, ಆ ಬಿಸಿಲು ಬಂದು ಮುಟ್ಟಿದ ಕಟ್ಟೆಯ ಮೇಲೆ ನಾನು, ಹುಳಿಗೆ ಒಂದು ಕಣ್ಣು ಪೂರ್ತಿ ಮುಚ್ಚಿ, ಬಾಯಿ ಸೊಟ್ಟ ಮಾಡಿ.

“ನಾ ನೋಡಿದಾಗ ನೀ ಇರಲಿಲ್ಲ” ಅಂದರು.

“ಕಟ್ಟಿ ಬಿಟ್ಟು ಏಳಬ್ಯಾಡ ಅಂದಿದ್ರಿ. ಎದ್ದಿಲ್ಲ.”

ಅವರು ನನ್ನನ್ನು ಸ್ಟುಡಿಯೋದ ಸ್ಟೂಲಿನ ಮೇಲೆ ಕೂರಿಸಿ ಕಿಂಡಿಯಲ್ಲಿ ನೋಡಿದರು. ನಾನು ಇಲ್ಲ. ಕ್ಯಾಮೆರಾದ ಪಕ್ಕದಿಂದ ಇಣುಕಿದರು; ಇದ್ದೆ. ಕಿಂಡಿಯಲ್ಲಿ ನೋಡಿದರು, ಇಲ್ಲ. ಜೀವನವಿಡೀ ಲೆನ್ಸಿನ ಮೂಲಕವೇ ನೋಡುವ ಕ್ಯಾಮೆರಾ ಹಿಡಿದವರು. ಅದರಲ್ಲಿ ಕಣ್ಣಿಗೆ ಕಾಣದ್ದು ಫಿಲ್ಮಿಗೂ ಬರುವುದಿಲ್ಲ. ಇದರಲ್ಲಿ ಲೆನ್ಸಿನ ಮೂಗು ಮರೆಮಾಡಿದ್ದು ಕಿಂಡಿಯ ನೋಟವನ್ನಷ್ಟೇ. ಲೆನ್ಸಿಗೆ ತನ್ನ ಮೂಗು ಅಡ್ಡವಿಲ್ಲವಲ್ಲ, ಅದು ಮೂಲೆಯನ್ನೂ ಬಿಡದೆ ನೋಡಿತ್ತು. ಬೇರೆಯವರಿಗೆ ಇದನ್ನು ಪಾಠ ಹೇಳುವಷ್ಟು ತಿಳಿದವರು, ಪ್ರತಿ ಸಲವೂ ಅದೇ ಮೂಲೆಗೆ ನನ್ನನ್ನು ಕೈಯಾರೆ ಕೂರಿಸಿದ್ದರು.

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಬುತ್ತಿ ಒಯ್ದಾಗ ಗುಮ್ಮಟದ ಫೋಟೋವನ್ನು ದೊಡ್ಡದು ಮಾಡಿ ಮೇಜಿನ ಮೇಲೆ ಹಾಸಿಕೊಂಡು, ಕಪ್ಪು ರಟ್ಟಿನಿಂದ ನಾನಿದ್ದ ಮೂಲೆಯನ್ನು ಮುಚ್ಚಿ ನೋಡುತ್ತಿದ್ದರು. ಮುಚ್ಚಿದರು, ತೆಗೆದರು, ಮತ್ತೆ ಮುಚ್ಚಿದರು.

“ಕತ್ತರಿಸಿಬಿಡ್ರಿ. ನನಗೇನೂ ಬ್ಯಾಸರಿಲ್ಲ” ಅಂದೆ.

“ಕತ್ತರಿಸಿದ್ರ ಬಿಸಿಲು ಹೋಗ್ತೈತಿ” ಅಂದರು, ಯಾರ ಮೇಲೋ ತಕರಾರು ಹೇಳುವವರ ಹಾಗೆ. “ನೀ ಕೂತಲ್ಲೇ ಬಂದು ಬಿದ್ದೈತದು.”

ನಾನು ಬುತ್ತಿ ಬಿಚ್ಚಿ ಬಡಿಸಿದೆ. ಅವರು ರಟ್ಟನ್ನು ಬುತ್ತಿಯ ಕೆಳಗೆ ಹಾಸಿಕೊಂಡರು.

ಈಗ ಕಿಟಕಿಯಲ್ಲಿ ಅದೊಂದೇ ಇದೆ. ದಾರಿಯಲ್ಲಿ ಹೋಗುವವರು ಮೊದಲು ಗುಮ್ಮಟ ನೋಡಿ, ಆಮೇಲೆ ಗಾಜಿಗೆ ಮೂಗು ಹಚ್ಚಿ ಮೂಲೆ ನೋಡುತ್ತಾರೆ. ಎದುರಿನ ಚಹಾ ಅಂಗಡಿಯವನು, “ಅಕ್ಕಾರ, ಅದೇನು ತಿನ್ನಾಕ ಹತ್ತೀರಿ?” ಎಂದು ಕೇಳಿ ಕೇಳಿ ಸಾಕುಮಾಡಿದ್ದಾನೆ.

ಸುದ್ದಿ ಮುಟ್ಟಿ ಆಪಾ ಕುರುಗೋಡಿನಿಂದ ಬಂದರು. ಬಿಸಿಲಿನಲ್ಲಿ ಕಿಟಕಿಯ ಮುಂದೆ ಬಹಳ ಹೊತ್ತು ನಿಂತರು. ಒಳಗೆ ಬಂದು ಕೂತು ನೀರು ಕುಡಿದು, “ಹಣ್ಣು ತಂದಾಕಿ ನಾನು. ನಾ ಎಲ್ಲಿ ಅದೀನಿ?” ಅಂದರು.

ಆ ವಾರವೇ ಮೂವರೂ ಕುರುಗೋಡಿನ ಗುಡಿಗೆ ಹೋದೆವು. ಪೂಜಾರಪ್ಪ ಬಾಗಿಲ ಬಳಿ ನಿಂತು ನೋಡುತ್ತಿದ್ದರು. ನಮ್ಮನೆಯವರು ಗೋಡೆಗೆ ಬೆನ್ನು ಹಚ್ಚಿ ಕ್ಯಾಮೆರಾ ಎತ್ತಿದರು. ಕೋಡಿನಿಂದ ಬಾಲದವರೆಗೆ ಬಸವಣ್ಣ ಪೂರಾ ಬಂದ. ಆಪಾ ಯಾರೂ ಹೇಳದೆಯೇ ಬಲಗಡೆಯ ಕೆಳಗೆ ಹೋಗಿ, ಕಂಬಕ್ಕೆ ಒರಗಿ ಕೂತು, ತಲೆ ತುಂಬ ಸೆರಗು ಹೊದ್ದುಕೊಂಡರು.

“ಕಾಣ್ತೀನೇನಲೇ?”

“ಇಲ್ಲ ಆಪಾ.”

“ಹಂಗಾರ ತೆಗಿ.”